ಹರಿತವಿದ್ದರೂ ಕತ್ತರಿಸದ ಚಾಕು: ಅಲಗನ್ನು ಮನೆಯಲ್ಲೇ ತೆಳ್ಳಗೆ ಮಾಡುವುದು ಹೇಗೆ

ಗಜ್ಜರಿಯ ದಪ್ಪ ತುದಿಯನ್ನು ಮಣೆ ಮೇಲಿಟ್ಟು ನಿಮ್ಮ ಚಾಕುವಿನಿಂದ ಅಡ್ಡಕ್ಕೆ ಕೊಯ್ದು ನೋಡಿ. ಅಲಗು ಅರ್ಧ ಇಳಿಯುವಷ್ಟರಲ್ಲೇ ‘ಟಕ್’ ಅಂತ ಸದ್ದು ಬಂದು ಉಳಿದರ್ಧ ತಾನಾಗೇ ಸೀಳಿಕೊಂಡಿತಾ? ಹಾಗಿದ್ದರೆ ಆ ಚಾಕು ಕೊಯ್ಯುತ್ತಿಲ್ಲ, ಬೆಣೆ ಹೊಡೆದ ಹಾಗೆ ಸೀಳುತ್ತಿದೆ. ಈಗ ಅದರಲ್ಲೇ ಒಂದು ಟೊಮೆಟೊ ಹೆಚ್ಚಿ. ಸಿಪ್ಪೆ ಸಲೀಸಾಗಿ ಹರಿದರೆ ಬಾಯಿ ಹರಿತವಾಗೇ ಇದೆ. ತೊಂದರೆ ಇರುವುದು ಬಾಯಿಯ ಹಿಂದಿನ ದಪ್ಪದಲ್ಲಿ. ಇಂಥ ಚಾಕುವಿಗೆ ಎಷ್ಟು ಸಲ ಸಾಣೆ ಹಿಡಿದರೂ ಗಜ್ಜರಿ ಟಕ್ ಅನ್ನುವುದು ನಿಲ್ಲುವುದಿಲ್ಲ.

ಪುಣೆಯಲ್ಲಿರುವ ನಮ್ಮ ಹುಡುಗರ ಹತ್ತಿರ ಇಂಥ ಚಾಕು ಜಾಸ್ತಿ. ಭೋಸರಿ, ಚಾಕಣ್, ಹಿಂಜವಡಿ ಕಡೆ ವಾರವಿಡೀ ಕೆಲಸ, ಭಾನುವಾರ ರಾಜಗಡವೋ ತೋರಣವೋ ಕೋಟೆ ಹತ್ತುವುದು. ಅದಕ್ಕೆಂದೇ ಆನ್‌ಲೈನ್‌ನಲ್ಲಿ ತರಿಸಿದ, ಮಡಚದ, ನಾಲ್ಕೈದು ಮಿಲಿಮೀಟರ್ ದಪ್ಪದ ಚಾಕು. ನೋಡಲು ಗಟ್ಟಿ, ಕೈಯಲ್ಲಿ ಹಿಡಿದರೆ ಖುಷಿ. ಉಳ್ಳಾಗಡ್ಡಿ ಹೆಚ್ಚಲು ಹೋದಾಗ ಬಣ್ಣ ಬಯಲಾಗುತ್ತದೆ. (ಸಿಂಹಗಡಕ್ಕೆ ಹೋಗುವವರಿಗೆ ಈ ಚಿಂತೆಯಿಲ್ಲ. ಮೇಲೆ ಪಿಠ್ಲ, ಭಾಕ್ರಿ, ಕಾಂದಾಭಜಿ ಎಲ್ಲ ಬಿಸಿಬಿಸಿಯಾಗಿ ಸಿಗುತ್ತದೆ.)

ಊರಲ್ಲಿ ಕುಡುಗೋಲು ಮೊಂಡಾದರೆ ಮನೆಯ ಕಲ್ಲಿಗೆ ತಿಕ್ಕಿಕೊಳ್ಳುತ್ತಾರೆ. ತಿಕ್ಕಿ ತಿಕ್ಕಿ ಬಾಯಿ ಸವೆದು ಅಲಗಿನ ದಪ್ಪ ಜಾಗದವರೆಗೆ ಬಂದಾಗ ಕುಲುಮೆಗೆ ಒಯ್ದು, ಕಾಸಿ, ಬಡಿಸಿ, ತೆಳ್ಳಗೆ ಮಾಡಿಸಿ ತರುತ್ತಾರೆ. ಇವು ಎರಡು ಬೇರೆ ಬೇರೆ ಕೆಲಸ. ಪೇಟೆಯಲ್ಲಿ ಸೈಕಲ್ ಚಕ್ರ ತುಳಿಯುತ್ತ ಬರುವ ಧಾರ್‌ವಾಲಾ ಮೊದಲನೆಯದನ್ನು ಮಾತ್ರ ಮಾಡುತ್ತಾನೆ. ಎರಡನೆಯದು ನಗರದಲ್ಲಿ ಬಿಟ್ಟೇ ಹೋಗಿದೆ. ಇಲ್ಲಿ ಹೇಳುವುದು ಆ ಎರಡನೇ ಕೆಲಸದ ಬಗ್ಗೆ. ನಮ್ಮ ಫ್ಲ್ಯಾಟಿನಲ್ಲಿ ಕುಲುಮೆ ಇಲ್ಲವಲ್ಲ, ಹಾಗಾಗಿ ಬಡಿಯುವ ಬದಲು ತಿಕ್ಕಿ ತೆಗೆಯಬೇಕು.

ಮೊದಲು ಅಳತೆ

ಅಲಗಿನ ಮೇಲಿನ ದಪ್ಪ ಅಂಚು ಬೆನ್ನು. ಕೊಯ್ಯುವ ಅಂಚು ಬಾಯಿ. ಬೆನ್ನಿನಿಂದ ಸ್ವಲ್ಪ ದೂರ ಅಲಗು ಸಪಾಟಾಗಿ ಬಂದು, ಆಮೇಲೆ ಬಾಯಿಯ ಕಡೆಗೆ ಇಳಿಯುತ್ತದೆ. ಆ ಭಾಗಕ್ಕೆ ಇಳಿಜಾರು ಅನ್ನೋಣ. ಇಳಿಜಾರು ಶುರುವಾಗುವ ಮೂಲೆ ಭುಜ. ಇನ್ನು ಬಾಯಿಯ ಉದ್ದಕ್ಕೂ ಹೊಳೆಯುವ ಸಣ್ಣ ಪಟ್ಟಿ ಕಾಣುತ್ತದಲ್ಲ, ಸಾಣೆ ಹಿಡಿದಾಗ ಆಗುವುದು, ಅದು ಬಾಯಿಪಟ್ಟಿ.

ಚಾಕು ಚೆನ್ನಾಗಿ ಕೊಯ್ಯುತ್ತದೋ ಇಲ್ಲವೋ ಅನ್ನುವುದನ್ನು ಬಹಳ ಮಟ್ಟಿಗೆ ತೀರ್ಮಾನಿಸುವುದು ಬಾಯಿಪಟ್ಟಿಯ ಮೇಲ್ಗಡೆ ಅಲಗು ಎಷ್ಟು ದಪ್ಪ ಇದೆ ಅನ್ನುವುದು. ದಪ್ಪ ಅಳೆಯುವ ವರ್ನಿಯರ್ ಇದ್ದರೆ ಅಲ್ಲಿ ಹಿಡಿದು ನೋಡಿ. 0.8 ಮಿ.ಮೀ. ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಕಡಿಯಲು ಸರಿ, ಹೆಚ್ಚಲು ಅಲ್ಲ. ಟ್ರೆಕ್ಕಿಗೂ ಅಡುಗೆಗೂ ಎರಡಕ್ಕೂ ಆಗಬೇಕು ಅಂದರೆ 0.4 ಮಿ.ಮೀ. ಹತ್ತಿರ ತನ್ನಿ. ಬರೀ ಅಡುಗೆಮನೆಗೆ ಅಂದರೆ 0.25 ರವರೆಗೂ ಇಳಿಸಬಹುದು.

ವರ್ನಿಯರ್ ಇಲ್ಲದಿದ್ದರೂ ಪರವಾಗಿಲ್ಲ. ಬಾಯಿಪಟ್ಟಿಯ ಅಗಲವೇ ದಪ್ಪ ಹೇಳುತ್ತದೆ. ಒಂದೊಂದು ಪಕ್ಕಕ್ಕೆ 20 ಡಿಗ್ರಿಯಲ್ಲಿ ಸಾಣೆ ಹಿಡಿದ ಚಾಕುವಿನಲ್ಲಿ, ಹಿಂದಿನ ದಪ್ಪ 0.8 ಇದ್ದರೆ ಪಟ್ಟಿ ಸುಮಾರು 1.2 ಮಿ.ಮೀ. ಅಗಲ ಕಾಣುತ್ತದೆ. ದಪ್ಪ 0.4 ಇದ್ದರೆ ಪಟ್ಟಿ 0.6ಕ್ಕೆ ಇಳಿಯುತ್ತದೆ. ಎರಡು ಮಾರು ದೂರದಿಂದಲೇ ಪಟ್ಟಿ ಎದ್ದು ಕಾಣುತ್ತಿದೆ ಅಂದರೆ ಅಳೆಯುವುದೇ ಬೇಡ.

ಒಂದು ಉದಾಹರಣೆ ಇಟ್ಟುಕೊಂಡು ಲೆಕ್ಕ ಹಾಕೋಣ. ಅಲಗು 30 ಮಿ.ಮೀ. ಅಗಲ, ಬೆನ್ನು 4 ಮಿ.ಮೀ. ದಪ್ಪ, ಇಳಿಜಾರಿನ ಎತ್ತರ 12 ಮಿ.ಮೀ., ಬಾಯಿಯ ಹಿಂದೆ 0.8. ಅಂದರೆ ಒಂದೊಂದು ಪಕ್ಕದ ಇಳಿಜಾರು ಏಳೂವರೆ ಡಿಗ್ರಿ. ಇದನ್ನು ಬೆನ್ನಿನಿಂದಲೇ ಇಳಿಸಿಕೊಂಡು ಬಂದು ಬಾಯಿಯ ಹಿಂದೆ 0.4ಕ್ಕೆ ತಂದರೆ ಮೂರೂವರೆ ಡಿಗ್ರಿ ಆಗುತ್ತದೆ. ಚಾಕು ಅದ್ಭುತವಾಗಿ ಕೊಯ್ಯುತ್ತದೆ, ಆದರೆ ಕೈಯಿಂದ ಅಷ್ಟು ಉಕ್ಕು ತೆಗೆಯುವವರ ತೋಳಿಗೆ ದೇವರೇ ಗತಿ. ನಡುವಿನ ದಾರಿ ಒಂದಿದೆ. ಭುಜವನ್ನು 12ರಿಂದ 20 ಮಿ.ಮೀ. ಎತ್ತರಕ್ಕೆ ಸರಿಸಿ, ಬಾಯಿಯ ಹಿಂದೆ 0.4 ಉಳಿಸಿ. ಇಳಿಜಾರು ಐದು ಡಿಗ್ರಿ ಆಸುಪಾಸಿಗೆ ಬರುತ್ತದೆ. 10 ಸೆಂಟಿಮೀಟರ್ ಉದ್ದದ ಅಲಗಿನಲ್ಲಿ ಇದಕ್ಕೆ ತೆಗೆಯಬೇಕಾದ ಉಕ್ಕು ಎರಡೂ ಪಕ್ಕ ಸೇರಿ ಸುಮಾರು 13 ಗ್ರಾಂ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಮೊದಲೇ ತೂಗಿ ಬರೆದಿಟ್ಟುಕೊಳ್ಳಿ. ಕೆಲಸ ಎಷ್ಟು ಉಳಿದಿದೆ ಅಂತ ತಕ್ಕಡಿ ನಿಜ ಹೇಳುತ್ತದೆ, ಕಣ್ಣು ಹೇಳುವುದಿಲ್ಲ.

ಯಾವ ಚಾಕುವನ್ನು ಮುಟ್ಟಬಾರದು

ಮೊದಲ ಪ್ರಯೋಗಕ್ಕೆ ದುಬಾರಿ ಚಾಕು ಬೇಡ. ಬುಧವಾರ, ಭಾನುವಾರ ಜೂನಾ ಬಜಾರ್‌ನಲ್ಲಿ ಹಳೇ ಚಾಕು, ಹಳೇ ಅರ, ಹಳೇ ಉಳಿ ಎಲ್ಲ ರಾಶಿ ಬಿದ್ದಿರುತ್ತವೆ. ಅಲ್ಲಿಂದ ಒಂದು ತನ್ನಿ. ಕೈ ಕೂತ ಮೇಲೆ ನಿಮ್ಮದನ್ನು ಮುಟ್ಟಿ.

ಹಲ್ಲು ಹಲ್ಲಿನ ಬಾಯಿ ಇರುವ ಚಾಕು ಈ ಕೆಲಸಕ್ಕಲ್ಲ. ಅಲೆಅಲೆ ಗೆರೆಯ ಡಮಾಸ್ಕಸ್ ವಿನ್ಯಾಸ ಇದ್ದರೆ ತಿಕ್ಕಿದ ಜಾಗದಲ್ಲಿ ಅದು ಮಾಸಿಹೋಗುತ್ತದೆ, ಮತ್ತೆ ಆಸಿಡ್‌ನಲ್ಲಿ ಅದ್ದಿದರೇ ಕಾಣುವುದು. ಕಪ್ಪು ಬಣ್ಣ ಬಳಿದ ಅಲಗಿನಲ್ಲಿ ಇಳಿಜಾರಿನ ಬಣ್ಣ ಹೋಗುತ್ತದೆ. ವಾರಂಟಿ ಇದ್ದರೆ ಅದೂ ಹೋಯಿತು ಅಂತ ತಿಳಿಯಿರಿ.

ಉಕ್ಕಿಗೆ ಹದ ಕೊಟ್ಟಿದ್ದಾರೋ (ಕಾಸಿ, ಅದ್ದಿ ಗಟ್ಟಿ ಮಾಡಿದ್ದಾರೋ) ಇಲ್ಲವೋ ಅಂತ ಮೊದಲೇ ನೋಡಿಕೊಳ್ಳಬೇಕು. ಹೊಸ ಅರದ ಮೂಲೆಯನ್ನು ಹಿಡಿಯ ಹತ್ತಿರ, ಬಾಯಿಯ ಮೇಲೆ ಹಗುರಾಗಿ ಎಳೆಯಿರಿ. ಅರ ಗಾಜಿನ ಮೇಲೆ ಎಳೆದ ಹಾಗೆ ಜಾರಿದರೆ ಉಕ್ಕು ಗಟ್ಟಿ. ಕಚ್ಚಿ ಪುಡಿ ಉದುರಿಸಿದರೆ ಮೆತ್ತಗಿದೆ. ಮೆತ್ತಗಿನ ಉಕ್ಕನ್ನು ತೆಳ್ಳಗೆ ಮಾಡಿದರೆ ಬಾಯಿ ಮಡಚಿಕೊಳ್ಳುತ್ತದೆ, ಆ ಚಾಕುವಿನ ಮೇಲೆ ಬೆವರು ಸುರಿಸಬೇಡಿ. ಟೂಲ್‌ರೂಮಿನಲ್ಲಿ ಕೆಲಸ ಮಾಡುವವರು ಎಚ್‌ಸಿಎಚ್‌ಸಿಆರ್ ಅಥವಾ ಓಎಚ್‌ಎನ್‌ಎಸ್ ಅನ್ನುವ ಟೂಲ್ ಉಕ್ಕಿನ ತುಂಡಿನಿಂದ ಮಾಡಿಕೊಂಡ ಚಾಕು ಇದ್ದರೆ ಅದೃಷ್ಟ. ತೆಳ್ಳಗಾದರೂ ಬಾಯಿ ನಿಲ್ಲುತ್ತದೆ. ಎಚ್‌ಸಿಎಚ್‌ಸಿಆರ್‌ನಲ್ಲಿ ಕ್ರೋಮಿಯಂ ಶೇ. 12 ಇದ್ದರೂ ಪೂರ್ತಿ ಸ್ಟೇನ್‌ಲೆಸ್ ಅಲ್ಲ. ಆ ಕ್ರೋಮಿಯಂನ ದೊಡ್ಡ ಪಾಲು ಕಾರ್ಬೈಡ್ ಅನ್ನುವ ಗಡುಸು ಕಣಗಳಲ್ಲೇ ಸಿಕ್ಕಿಕೊಂಡಿರುತ್ತದೆ. ಹಾಗಾಗಿ ತುಕ್ಕು ಹಿಡಿಯುತ್ತದೆ, ತಿಕ್ಕಲೂ ಹಟ ಮಾಡುತ್ತದೆ. ಲಾರಿಯ ಕಮಾನು ಪಟ್ಟಿಯಿಂದ ಮಾಡಿದ್ದಾದರೆ ತಿಕ್ಕಲು ಸುಲಭ, ಪೆಟ್ಟಿಗೂ ತಡೆಯುತ್ತದೆ.

ಗ್ರೈಂಡರ್ ಬೇಡ ಅನ್ನುವುದು ಯಾಕೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಭೋಸರಿಯಲ್ಲಿ ಗೆಳೆಯನ ವರ್ಕ್‌ಶಾಪ್ ಇದೆ, ಬೆಂಚ್ ಗ್ರೈಂಡರ್‌ಗೆ ಹಿಡಿದರೆ ಹತ್ತು ನಿಮಿಷದ ಕೆಲಸ ಅಂತ ಎಲ್ಲರಿಗೂ ಅನ್ನಿಸುತ್ತದೆ.

ಚಾಕುವಿಗೆ ಹದ ಕೊಡುವಾಗ ಮೊದಲು ಕಾಸಿ, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುತ್ತಾರೆ. ಆಗ ಅದು ಗಾಜಿನಂತೆ ಒಡೆಯುವ ಸ್ಥಿತಿಯಲ್ಲಿರುತ್ತದೆ. ಆಮೇಲೆ ಸಾಮಾನ್ಯವಾಗಿ 150ರಿಂದ 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮತ್ತೆ ಕಾಯಿಸಿ ಆ ಒಡಕುತನ ತೆಗೆಯುತ್ತಾರೆ. ಇದು ಟೆಂಪರಿಂಗ್. ಇದಾದ ಮೇಲೆ ಯಾವಾಗಲಾದರೂ ಅಲಗು ಆ ಶಾಖ ದಾಟಿದರೆ ಅಲ್ಲಿಂದ ಮೆತ್ತಗಾಗುತ್ತ ಹೋಗುತ್ತದೆ. ತಣ್ಣೀರಲ್ಲಿ ಅದ್ದಿದರೂ ಹೋದ ಗಟ್ಟಿತನ ವಾಪಸ್ ಬರುವುದಿಲ್ಲ.

ಸಾದಾ ಕಾರ್ಬನ್ ಉಕ್ಕಿನಲ್ಲಿ ಇದು ಬಣ್ಣದಲ್ಲಿ ಕಾಣುತ್ತದೆ. 220 ಡಿಗ್ರಿಗೆ ತಿಳಿ ಹಳದಿ, 250 ದಾಟಿದಾಗ ಕಂದು, 280ಕ್ಕೆ ನೇರಳೆ, 300ಕ್ಕೆ ನೀಲಿ. ನೀಲಿ ಕಂಡಿತು ಅಂದರೆ ಆ ಜಾಗದ ಬಾಯಿ ಕೆಟ್ಟಿತು. ಸ್ಟೇನ್‌ಲೆಸ್‌ನಲ್ಲಿ ಇನ್ನೂ ಕಷ್ಟ. ಅದರ ಮೇಲೆ ಬಣ್ಣ ಏರುವುದೇ ತಡ, ಬಣ್ಣ ಬರಲಿಲ್ಲವಲ್ಲ ಅಂತ ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಹದ ಹೋಗಿರುತ್ತದೆ. ಬಾಯಿ ಕಾಗದದಷ್ಟು ತೆಳು ಇರುವುದರಿಂದ ಶಾಖ ಹಿಂದಕ್ಕೆ ಹರಿದುಹೋಗಲು ಜಾಗವಿಲ್ಲ. ಒಣ ಚಕ್ರಕ್ಕೆ ಒಂದೆರಡು ಕ್ಷಣ ಒತ್ತಿ ಹಿಡಿದರೂ ಸಾಕು. ಧಾರ್‌ವಾಲಾನ ಹತ್ತಿರ ಹೋಗಿ ಬಂದ ಚಾಕು ವಾರದಲ್ಲೇ ಮೊಂಡಾಗುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಬೆಲ್ಟ್ ಗ್ರೈಂಡರ್ ಬಳಸಿ ಪಳಗಿದವರು ಚೆನ್ನಾಗಿಯೇ ಮಾಡುತ್ತಾರೆ. ಕೈಗೆ ಗ್ಲೌಸ್ ಹಾಕದೆ, ಬೆರಳಿಗೆ ಬಿಸಿ ತಾಗಿದ ಕೂಡಲೇ ಬಕೆಟ್‌ನಲ್ಲಿ ಅದ್ದುತ್ತ ಹೋಗುತ್ತಾರೆ. ಅಂಥವರಿಗೆ ಕೆಲಸ ಕೊಡುವುದಾದರೆ ಏನು ಬೇಕು ಅಂತ ಸರಿಯಾಗಿ ಹೇಳಿ. ‘ಭಾವು, ಧಾರ್ ನಕೋ, ಪಾತಂ ಪಾತಳ್ ಕರೂನ್ ದ್ಯಾ’ (ಅಣ್ಣಾ, ಸಾಣೆ ಬೇಡ, ಅಲಗು ತೆಳ್ಳಗೆ ಮಾಡಿಕೊಡಿ) ಅಂದರೆ ಅರ್ಥವಾಗುತ್ತದೆ. ಬಾಯಿಯ ಹಿಂದೆ 0.5 ಉಳಿಸಿ ಕೊಡಲಿ, ಕೊನೆಯ ಭಾಗ ನೀವೇ ಕೈಯಿಂದ ಮಾಡಿಕೊಳ್ಳಿ. ನೀವೇ ಮೊದಲ ಸಲ ಮಾಡುತ್ತಿದ್ದರೆ ಕೈಯೇ ಸರಿ. ನೀರು ಹಾಕಿ ಕೈಯಿಂದ ತಿಕ್ಕಿದರೆ ಹದ ಹೋಗುವಷ್ಟು ಬಿಸಿ ಏರುವುದಿಲ್ಲ.

ಸಾಮಾನು

ರವಿವಾರ ಪೇಟೆಯ ಬೋಹ್ರಿ ಆಳಿಯಲ್ಲಿ ಒಂದು ಸುತ್ತು ಹಾಕಿದರೆ ಎಲ್ಲ ಸಿಗುತ್ತದೆ. ನೀರಿಗೆ ತಡೆಯುವ ಕಪ್ಪು ಪಾಲಿಶ್ ಪೇಪರ್: 80, 120, 220, 400, 600, 1000 ನಂಬರ್. 80 ನಂಬರ್ ಜಾಸ್ತಿ ತನ್ನಿ, ಅದು ಬೇಗ ಸವೆಯುತ್ತದೆ. ಎರಡು ಬದಿಯ ಕಾರ್ಬೊರಂಡಂ ಕಲ್ಲು ಒಂದು. ಪೇಪರಿನ ಮೇಲಿರುವುದೂ ಕಲ್ಲಿನಲ್ಲಿರುವುದೂ ಒಂದೇ, ಸಿಲಿಕಾನ್ ಕಾರ್ಬೈಡ್. 1891ರಲ್ಲಿ ಅಮೆರಿಕದ ಎಡ್ವರ್ಡ್ ಆಚೆಸನ್ ಕೃತಕ ವಜ್ರ ಮಾಡಲು ಹೋದಾಗ ಸಿಕ್ಕ ಪದಾರ್ಥ ಅದು. ವಜ್ರ ಸಿಗಲಿಲ್ಲ, ಊರೂರಿನ ಚಾಕುಗಳಿಗೆ ಅನುಕೂಲವಾಯಿತು.

ಜೊತೆಗೆ ಕಪ್ಪು ಮಾರ್ಕರ್ ಪೆನ್, ಮಾಸ್ಕಿಂಗ್ ಟೇಪ್, ನೀರಿನ ಸ್ಪ್ರೇ ಬಾಟಲಿ. ಸಪಾಟು ತಳಕ್ಕೆ ಗ್ರಾನೈಟ್ ತುಂಡು. ಅಡುಗೆಕಟ್ಟೆ ಕೂರಿಸುವವರ ಹತ್ತಿರ ಕೇಳಿದರೆ ಒಂದು ತುಂಡು ಸುಮ್ನೆ ಕೊಡುತ್ತಾರೆ, ಪಾಲಿಶ್ ಆದ ಬದಿ ಮೇಲಿರಲಿ. ಹಳೇ ಎಟಿಎಂ ಕಾರ್ಡ್ ಎರಡು ಬೇಕು, ಯಾಕೆ ಅಂತ ಮುಂದೆ ಹೇಳುತ್ತೇನೆ. ಮಾಸ್ಕ್ ಮರೆಯಬೇಡಿ. ಒದ್ದೆಯಾಗಿ ತಿಕ್ಕಿದರೆ ಧೂಳು ಏಳುವುದಿಲ್ಲ, ಆದರೆ ಹಿಡಿಯ ಮರ ತಿಕ್ಕುವಾಗ ಏಳುತ್ತದೆ.

ತಿಕ್ಕುವ ಕೆಲಸ

ಮೊದಲು ಚಾಕುವನ್ನು ಬೇಕೆಂದೇ ಮೊಂಡು ಮಾಡಿ. ಬಾಯಿಯನ್ನು ನೇರ ಕಲ್ಲಿನ ಮೇಲೆ ನಿಲ್ಲಿಸಿ ಎರಡು ಮೂರು ಸಲ ಹಗುರಾಗಿ ಎಳೆದರೆ ಸಾಕು. ಹರಿತವಾದ ಅಲಗನ್ನು ಬೆರಳಲ್ಲಿ ಒತ್ತಿ ಗಂಟೆಗಟ್ಟಲೆ ತಿಕ್ಕುವುದು ಬೆರಳು ಕಳೆದುಕೊಳ್ಳುವ ದಾರಿ. ಮೊನೆಗೂ ಹಿಡಿಗೂ ಎರಡು ಸುತ್ತು ಟೇಪ್ ಸುತ್ತಿ.

ಗ್ರಾನೈಟ್ ತುಂಡಿನ ಕೆಳಗೆ ಒದ್ದೆ ಟವೆಲ್ ಹಾಸಿ, ಜಾರುವುದಿಲ್ಲ. ಕಲ್ಲಿನ ಮೇಲೆ ನೀರು ಚಿಮುಕಿಸಿ 80 ನಂಬರ್ ಪೇಪರ್ ಇಡಿ, ನೀರಿಗೆ ಅಂಟಿಕೊಳ್ಳುತ್ತದೆ. ಅಂಚುಗಳಿಗೆ ಟೇಪ್ ಹಾಕಿ. ಅಲಗಿನ ಎರಡೂ ಪಕ್ಕ ಬೆನ್ನಿನಿಂದ ಬಾಯಿವರೆಗೆ ಮಾರ್ಕರ್ ಬಳಿಯಿರಿ.

ಈಗ ಕೋನ. ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ. ಎಲ್ಲ ಬ್ಯಾಂಕಿನದ್ದೂ ಅಷ್ಟೇ. ಮೇಲಿನ ಉದಾಹರಣೆಯ ಚಾಕುವಿನಲ್ಲಿ ಶುರುವಿಗೆ ಭುಜ ಮಾತ್ರ ಪೇಪರಿಗೆ ತಾಗುತ್ತಿರುತ್ತದೆ. ಆಗ ಬೆನ್ನು ಪೇಪರಿನಿಂದ ಎರಡು ಕಾರ್ಡ್‌ನಷ್ಟು ಮೇಲಿದ್ದರೆ ಐದು ಡಿಗ್ರಿ. ಭುಜ ಸವೆದು ಮೇಲಕ್ಕೆ ಸರಿದಂತೆ ಬೆನ್ನು ತಾನಾಗಿ ಇಳಿಯುತ್ತದೆ. 20 ಮಿ.ಮೀ. ಎತ್ತರ ಮುಟ್ಟುವಾಗ ಒಂದು ಕಾರ್ಡ್ ಮಾತ್ರ ಹಿಡಿಸುವಷ್ಟು ಸಂದು ಉಳಿದಿರುತ್ತದೆ. ಕಾರ್ಡನ್ನು ಕೆಳಗೆ ಇಟ್ಟುಕೊಂಡೇ ತಿಕ್ಕುವುದು ಬೇಡ. ಮಧ್ಯೆ ಮಧ್ಯೆ ನಿಲ್ಲಿಸಿ ಸಂದಿಗೆ ತೂರಿಸಿ ನೋಡಿಕೊಳ್ಳಿ. ನಿಮ್ಮ ಚಾಕುವಿನ ಅಳತೆ ಬೇರೆ ಇದ್ದರೆ ಲೆಕ್ಕ ಸುಲಭ. ಪೇಪರಿಗೆ ತಾಗುವ ಜಾಗದಿಂದ ಬೆನ್ನಿಗೆ ಎಷ್ಟು ಮಿಲಿಮೀಟರ್ ದೂರ ಅಂತ ಅಳೆದು ಅದನ್ನು 0.09ರಿಂದ ಗುಣಿಸಿ. ಐದು ಡಿಗ್ರಿಗೆ ಎತ್ತಬೇಕಾದ ಎತ್ತರ ಅದು.

ಒಂದು ಕೈಯಲ್ಲಿ ಹಿಡಿ, ಇನ್ನೊಂದು ಕೈಯ ಎರಡು ಮೂರು ಬೆರಳು ಭುಜದ ಮೇಲೆ. ಒತ್ತಡ ಅಲ್ಲಿರಬೇಕು, ಬಾಯಿಯ ಮೇಲೆ ಅಲ್ಲ. ಹಿಂದಕ್ಕೂ ಮುಂದಕ್ಕೂ ಉದ್ದುದ್ದವಾಗಿ ತಿಕ್ಕಿ. ಹತ್ತಿಪ್ಪತ್ತು ಸಲ ಆದ ಮೇಲೆ ಒರೆಸಿ ನೋಡಿ. ಮಾರ್ಕರ್ ಹೋದ ಜಾಗ ಭುಜದ ಸುತ್ತ ಒಂದು ಹೊಳೆಯುವ ಪಟ್ಟಿಯಾಗಿ ಕಾಣಬೇಕು. ಪಟ್ಟಿ ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಸಣ್ಣ ಇದ್ದರೆ ಕೈ ಓರೆಯಾಗುತ್ತಿದೆ. ಬಾಯಿಯ ಹತ್ತಿರ ಮಾತ್ರ ಹೊಳೆಯುತ್ತಿದ್ದರೆ ಬೆನ್ನನ್ನು ಜಾಸ್ತಿ ಎತ್ತುತ್ತಿದ್ದೀರಿ. ಮತ್ತೆ ಮಾರ್ಕರ್ ಬಳಿದು ಮುಂದುವರಿಸಿ. ನೀರು ಬೂದಿ ಬಣ್ಣದ ಕೆಸರಾಗುತ್ತದೆ, ಒರೆಸಿ ಹೊಸ ನೀರು ಹಾಕಿ. ಪೇಪರ್ ಕೈಗೆ ನುಣುಪಾದಂತೆ ಅನ್ನಿಸಿದ ಕೂಡಲೇ ಬದಲಿಸಿ. ಸವೆದ ಪೇಪರಿನ ಮೇಲೆ ಶಕ್ತಿ ಹಾಕಿದರೆ ದಣಿವು ಮಾತ್ರ ಸಿಗುತ್ತದೆ.

ಪಕ್ಕ ಬದಲಿಸುವುದನ್ನು ಎಣಿಸಿ ಮಾಡಿ. ಐವತ್ತು ಸಲ ಈ ಪಕ್ಕ, ಐವತ್ತು ಸಲ ಆ ಪಕ್ಕ. ಬಲಗೈಯವರಿಗೆ ಒಂದು ಪಕ್ಕ ಯಾವಾಗಲೂ ಸಲೀಸು, ಇನ್ನೊಂದು ಒಡ್ಡೊಡ್ಡು. ಎಣಿಸದಿದ್ದರೆ ಸಲೀಸು ಪಕ್ಕ ಹೆಚ್ಚು ಸವೆದು ಬಾಯಿ ನಡುವಿನಿಂದ ಓರೆ ಸರಿಯುತ್ತದೆ. ಅಂಥ ಚಾಕು ಬದನೆಕಾಯಿ ಕೊಯ್ಯುವಾಗ ನೇರ ಇಳಿಯದೆ ಒಂದು ಕಡೆಗೆ ಎಳೆಯುತ್ತದೆ. ಆಗಾಗ ಚಾಕುವನ್ನು ಬೆಳಕಿಗೆ ಹಿಡಿದು ಬಾಯಿಯನ್ನು ಉದ್ದಕ್ಕೆ ನೋಡಿ, ಗೆರೆ ನಟ್ಟ ನಡುವೆ ಇದೆಯಾ ಅಂತ.

ಎರಡು ಜಾಗದಲ್ಲಿ ಎಚ್ಚರ ಬೇಕು. ಮೊನೆಯ ಹತ್ತಿರ ಬಾಯಿ ಮೇಲಕ್ಕೆ ಬಾಗುತ್ತದೆ, ಅಲ್ಲಿ ಹಿಡಿಯನ್ನು ಸ್ವಲ್ಪ ಎತ್ತಿ ಬಾಗಿಗೆ ತಕ್ಕಂತೆ ತಿಕ್ಕಬೇಕು. ಅಲ್ಲಿ ಉಕ್ಕು ಕಡಿಮೆ, ಬೇಗ ಸವೆಯುತ್ತದೆ. ಒತ್ತಡ ಅರ್ಧಕ್ಕೆ ಇಳಿಸಿ. ಇನ್ನೊಂದು ಹಿಡಿಯ ಪಕ್ಕ ಇಳಿಜಾರು ಮುಗಿಯುವ ಮೂಲೆ. ಅಲ್ಲಿ ಸಪಾಟು ಪೇಪರ್ ಪೂರ್ತಿ ತಲುಪುವುದಿಲ್ಲ. ಹಟ ಹಿಡಿದರೆ ಗೀರು ಬೀಳುತ್ತದೆ, ಅಷ್ಟೇ. ಐದಾರು ಮಿಲಿಮೀಟರ್ ಹಾಗೇ ಬಿಟ್ಟುಬಿಡಿ, ಕೊಯ್ಯಲು ಆ ಜಾಗ ಯಾರಿಗೂ ಬೇಕಾಗುವುದಿಲ್ಲ.

ಇದೆಲ್ಲ ಒಂದೇ ಕೂತಿಗೆ ಮುಗಿಯುವುದಿಲ್ಲ. ಎರಡು ಮೂರು ರಜೆದಿನ ಇಟ್ಟುಕೊಳ್ಳಿ. ಬಾಯಿಯ ಹಿಂದೆ 0.5 ಬಂದಾಗ 80 ನಂಬರ್ ನಿಲ್ಲಿಸಿ. ಉಳಿದದ್ದು ಮುಂದಿನ ಪೇಪರ್‌ಗಳಲ್ಲಿ ಹೋಗುತ್ತದೆ. ಸೊನ್ನೆಗೆ ಇಳಿಸಬೇಡಿ, ತಿಕ್ಕುತ್ತಿರುವಾಗಲೇ ಬಾಯಿ ಮುರಿದು ಉದುರುತ್ತದೆ.

120, 220, 400 ಹೀಗೆ ಹೋಗುವಾಗ ಪ್ರತಿ ಸಲ ತಿಕ್ಕುವ ದಿಕ್ಕು ಬದಲಿಸಿ. ಹಿಂದಿನ ಗೀರುಗಳು ಅಡ್ಡಡ್ಡ ಕಾಣುತ್ತವೆ, ಅವು ಪೂರ್ತಿ ಹೋದ ಮೇಲೆಯೇ ಮುಂದಿನ ನಂಬರ್. ಎಲ್ಲಿ ನಿಲ್ಲಿಸಬೇಕು ಅನ್ನುವುದು ನಿಮ್ಮ ಇಷ್ಟ. ನನ್ನ ಪ್ರಕಾರ 400 ಸಾಕು. ಕನ್ನಡಿಯ ಹೊಳಪು ಫೋಟೋಗೆ ಚೆಂದ, ಆದರೆ ನುಣ್ಣನೆ ಅಲಗಿಗೆ ಬಟಾಟೆ ಹೋಳು ಅಂಟಿಕೊಳ್ಳುವುದು ಜಾಸ್ತಿ.

ಭುಜವನ್ನು ಮಾಯ ಮಾಡುವುದು

ಸಪಾಟಾಗಿ ತಿಕ್ಕಿದ ಮೇಲೂ ಭುಜದ ಗೆರೆ ಚೂಪಾಗಿ ಉಳಿಯುತ್ತದೆ. ಗಜ್ಜರಿ ತಡೆಯುವುದು ಅಲ್ಲೇ. ಅದನ್ನು ಉರುಟು ಮಾಡಿದರೆ ಚಾಕುವಿನ ನಡತೆಯೇ ಬದಲಾಗುತ್ತದೆ. ಗ್ರಾನೈಟ್ ಮೇಲೆ ಹಳೇ ಮೌಸ್‌ಪ್ಯಾಡ್ ಇಟ್ಟು, ಅದರ ಮೇಲೆ 220 ನಂಬರ್ ಪೇಪರ್ ಹಾಸಿ. ಈಗ ಅಲಗನ್ನು ಬೆನ್ನು ಮುಂದಾಗಿ ಎಳೆಯಿರಿ, ಬಾಯಿ ಹಿಂದೆ ಬರಬೇಕು. ಬಾಯಿ ಮುಂದಾಗಿ ತಳ್ಳಿದರೆ ಪೇಪರ್ ಸೀಳಿಹೋಗುತ್ತದೆ. ಮೆತ್ತನೆ ಪ್ಯಾಡ್ ತಗ್ಗುವುದರಿಂದ ಪೇಪರ್ ಭುಜವನ್ನು ಸುತ್ತಿಕೊಂಡು ಮೂಲೆ ಸವೆಸುತ್ತದೆ. ಎಳೆದು ಮುಗಿಸುವಾಗ ಕೈ ಮೇಲೆತ್ತಿ ತಿರುಚಬೇಡಿ, ಬಾಯಿ ಉರುಟಾಗುತ್ತದೆ. ಸಪಾಟು ಇಳಿಜಾರು, ಉರುಟು ಭುಜ: ಈ ಎರಡೂ ಸೇರಿದ ಅಲಗೇ ನನಗೆ ಮೆಚ್ಚು.

ಬೆನ್ನಿನ ಚೂಪು ಅಂಚುಗಳನ್ನೂ ಇದೇ ಹೊತ್ತಿಗೆ 220ರಲ್ಲಿ ಉರುಟು ಮಾಡಿಕೊಳ್ಳಿ. ಹೆಬ್ಬೆರಳು ಒತ್ತುವ ಜಾಗ ಅದು. ಐದು ನಿಮಿಷದ ಕೆಲಸ, ಉಪಯೋಗ ದಿನಾ.

ಹೊಸ ಬಾಯಿ

ಈಗ ಸಾಣೆ. ಅಲಗಿನ ಅಗಲ 30 ಮಿ.ಮೀ. ಇದ್ದರೆ, ಬೆನ್ನಿನ ನಡುಭಾಗ ಕಲ್ಲಿನಿಂದ 10 ಮಿ.ಮೀ. ಮೇಲಿದ್ದಾಗ ಸುಮಾರು 20 ಡಿಗ್ರಿ, 8 ಮಿ.ಮೀ. ಇದ್ದಾಗ 15 ಡಿಗ್ರಿ. ಬೇರೆ ಅಗಲಕ್ಕೆ, 20 ಡಿಗ್ರಿ ಬೇಕಿದ್ದರೆ ಅಗಲವನ್ನು 0.34ರಿಂದ, 15 ಬೇಕಿದ್ದರೆ 0.26ರಿಂದ ಗುಣಿಸಿ. ಟ್ರೆಕ್ ಚಾಕುವಿಗೆ 20, ಅಡುಗೆಗೆ 15. ಗೊತ್ತಿಲ್ಲದ ಉಕ್ಕಾದರೆ ಮೊದಲು 20 ಇಟ್ಟು ನೋಡಿ, ಇಳಿಸುವುದು ಯಾವಾಗಲೂ ಇದ್ದೇ ಇದೆ.

ಬಾಯಿಗೆ ಮಾರ್ಕರ್ ಹಚ್ಚಿ, ಕಲ್ಲಿನ ಒರಟು ಬದಿಯಲ್ಲಿ ಒಂದು ಪಕ್ಕ ತಿಕ್ಕಿ. ಅಲಗು ತೆಳ್ಳಗಾಗಿರುವುದರಿಂದ ಈ ಕೆಲಸ ಬೇಗ ಆಗುತ್ತದೆ. ಬಾಯಿಯ ಆಚೆ ಪಕ್ಕದಲ್ಲಿ ಬರ್, ಅಂದರೆ ಮಗುಚಿಕೊಂಡ ಉಕ್ಕಿನ ಸಣ್ಣ ಎಳೆ, ಏಳಬೇಕು. ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಬಾಯಿಯ ಆಚೆಗೆ ಸರಿಸಿದರೆ ಸಣ್ಣಗೆ ತಡೆಯುತ್ತದೆ. ಉದ್ದಕ್ಕೆ ಮಾತ್ರ ಬೆರಳು ಎಳೆಯಬೇಡಿ. ಬಾಯಿಯ ಉದ್ದಕ್ಕೂ ಬರ್ ಬರುವವರೆಗೆ ಪಕ್ಕ ಬದಲಿಸಬೇಡಿ. ಎರಡನೇ ಪಕ್ಕದಲ್ಲೂ ಹಾಗೇ. ಆಮೇಲೆ ನುಣುಪು ಬದಿಯಲ್ಲಿ ಒಂದೊಂದೇ ಸಲ ಪಕ್ಕ ಬದಲಿಸುತ್ತ, ಒತ್ತಡ ಇಳಿಸುತ್ತ ಹೋಗಿ. ಕೊನೆಗೆ ಚಾಕುವಿನ ಸ್ವಂತ ತೂಕವೇ ಸಾಕು. 1000 ನಂಬರ್ ಪೇಪರ್ ಮೇಲೆ ಒಂದೆರಡು ಸಲ ಎಳೆದರೆ ಇನ್ನೂ ಚೆನ್ನ.

ಉಳಿದ ಬರ್ ಚರ್ಮದ ಮೇಲೆ ಹೋಗುತ್ತದೆ. ಪುಣೆಯಲ್ಲಿ ಇದಕ್ಕೆ ಹುಡುಕಾಟ ಬೇಡ. ಕೊಲ್ಹಾಪುರಿ ಚಪ್ಪಲಿ ರಿಪೇರಿ ಮಾಡುವವರ ಹತ್ತಿರ ಅಟ್ಟೆಯ ಚರ್ಮದ ಒಂದು ಪಟ್ಟಿ ಕೇಳಿ. ಮರದ ತೊಗಟೆ, ಕಾಯಿಗಳಿಂದ ಹದ ಮಾಡಿದ ಗಟ್ಟಿ ಚರ್ಮ ಅದು, ಮೆತ್ತನೆ ಬೆಲ್ಟಿಗಿಂತ ಎಷ್ಟೋ ವಾಸಿ. ಆ ಚಪ್ಪಲಿಯ ಜಿಐ (ಭೌಗೋಳಿಕ ಸೂಚಕ) ಗುರುತು 2019ರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಕ್ಕೂ ಸಿಕ್ಕಿದೆ. ಊರ ಕಡೆ ಹೋದಾಗ ಅಥಣಿಯಲ್ಲೇ ತಂದರೂ ಆಯಿತು. ಪಟ್ಟಿಯನ್ನು ಹಲಗೆಗೆ ಅಂಟಿಸಿ, ಬಫಿಂಗ್ ಅಂಗಡಿಯಲ್ಲಿ ಸಿಗುವ ಹಸಿರು ಪಾಲಿಶ್ ಬಾರ್ ಉಜ್ಜಿ, ಬೆನ್ನು ಮುಂದಾಗಿ ಎರಡೂ ಪಕ್ಕ ಎಳೆಯಿರಿ.

ಈಗ ಮತ್ತೆ ಗಜ್ಜರಿ. ಸದ್ದಿಲ್ಲದೆ ಕೆಳಗಿನವರೆಗೆ ಇಳಿಯಬೇಕು. ಆಮೇಲೆ ಸ್ವಲ್ಪ ಒರಟು ಕೆಲಸ ಕೊಡಿ. ನಾರಿನ ಹಗ್ಗ ಕೊಯ್ಯಿರಿ, ಒಣ ಬಿದಿರಿನ ಕಡ್ಡಿ ಕೆತ್ತಿ. ಬಾಯಿಯನ್ನು ದೀಪಕ್ಕೆ ಎದುರಾಗಿ ಹಿಡಿದು ನೋಡಿ. ಹರಿತವಾದ ಬಾಯಿ ಬೆಳಕನ್ನು ವಾಪಸ್ ಎಸೆಯುವುದಿಲ್ಲ. ಎಲ್ಲಾದರೂ ಚುಕ್ಕಿ ಮಿನುಗಿದರೆ ಅಲ್ಲಿ ಮಡಚಿದೆ ಅಥವಾ ಚಕ್ಕೆ ಹಾರಿದೆ. ಹಾಗಾದರೆ ಅಲಗನ್ನು ಮತ್ತೆ ತಿಕ್ಕುವುದು ಬೇಡ. ಬೆನ್ನನ್ನು ಇನ್ನೊಂದು ಮಿಲಿಮೀಟರ್ ಮೇಲೆತ್ತಿ ಪ್ರತಿ ಪಕ್ಕ ನಾಲ್ಕೈದು ಸಲ ಹಗುರಾಗಿ ಎಳೆಯಿರಿ. ಕಣ್ಣಿಗೆ ಕಾಣದಷ್ಟು ಸಣ್ಣ ಎರಡನೇ ಪಟ್ಟಿ ಮೂಡಿ ಬಾಯಿ ನಿಲ್ಲುತ್ತದೆ. ತೆಳ್ಳಗಿನ ಅಲಗು ಇದನ್ನು ಸಹಿಸುತ್ತದೆ, ಕೊಯ್ಯುವುದು ಕಡಿಮೆಯಾಗುವುದಿಲ್ಲ. ಆದರೆ ಇನ್ನು ಮುಂದೆ ಈ ಚಾಕುವಿನಿಂದ ಡಬ್ಬದ ಮುಚ್ಚಳ ಮೀಟುವುದು, ಸೌದೆ ಸೀಳುವುದು, ತೆಂಗಿನಕಾಯಿ ಒಡೆಯುವುದು ನಿಲ್ಲಬೇಕು.

ಹಿಡಿ, ಮಳೆಗಾಲ, ಕಾನೂನು

ಮರದ ಹಿಡಿ ಕೈ ತುಂಬಾ ಕೂರದಿದ್ದರೆ ಅರೆದುಂಡು ಅರದಿಂದ ಬೇಕಾದ ಕಡೆ ತೆಗೆದು, 400ರವರೆಗೆ ತಿಕ್ಕಿ. ರಿವೆಟ್ ತೆಗೆಯಲು ಹೋಗಬೇಡಿ. ಪೇಂಟ್ ಅಂಗಡಿಯ ಕುದಿಸಿದ ಅಗಸೆ ಎಣ್ಣೆಯನ್ನು ತೆಳ್ಳಗೆ ಹಚ್ಚಿ, ಒರೆಸಿ, ಒಂದು ದಿನ ಬಿಟ್ಟು ಮತ್ತೆ ಹಚ್ಚಿ. ಅಡುಗೆಯ ಅಗಸಿ ಎಣ್ಣೆಯೂ ಆಗುತ್ತದೆ, ಆದರೆ ಒಣಗಲು ದಿನಗಟ್ಟಲೆ ಬೇಕು. ಒಂದು ಮಾತು ನೆನಪಿಡಿ: ಈ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ಬಿಡಿಸಿ ಬಯಲಲ್ಲಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿ ಬಿಸಾಡಿ.

ಹೊಸದಾಗಿ ತಿಕ್ಕಿದ ಕಾರ್ಬನ್ ಉಕ್ಕಿಗೆ ಪುಣೆಯ ಜುಲೈನಲ್ಲಿ ರಾತ್ರೋರಾತ್ರಿ ತುಕ್ಕು ಬರುತ್ತದೆ. ಬಳಸಿದ ಕೂಡಲೇ ತೊಳೆದು, ಒರೆಸಿ, ಮೆಡಿಕಲ್ ಅಂಗಡಿಯ ಲಿಕ್ವಿಡ್ ಪ್ಯಾರಫಿನ್ ಒಂದು ಹನಿ ಸವರಿ. ಮಳೆಗಾಲದಲ್ಲಿ ಚರ್ಮದ ಒರೆಯಲ್ಲಿ ಇಡಬೇಡಿ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ. ಅಡುಗೆಯಲ್ಲಿ ಬಳಸುತ್ತ ಹೋದಂತೆ ಅಲಗು ಬೂದು ನೀಲಿಗೆ ತಿರುಗಿದರೆ ತಿಕ್ಕಿ ಹೊಳಪು ಮಾಡಬೇಡಿ. ಆ ಪದರ ಕೆಂಪು ತುಕ್ಕನ್ನು ತಕ್ಕಮಟ್ಟಿಗೆ ತಡೆಯುತ್ತದೆ.

ಇನ್ನು ಒಯ್ಯುವ ವಿಚಾರ. ಆಯುಧ ನಿಯಮಗಳ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಆಯುಧದ ಸಾಲಿಗೆ ಬರುತ್ತದೆ. ಮನೆ, ಹೊಲ, ಕಾರ್ಖಾನೆಯ ಕೆಲಸಕ್ಕೆಂದು ಮಾಡಿದ್ದಕ್ಕೆ ವಿನಾಯಿತಿ ಇದೆ. ಚಿಕ್ಕ ಚಾಕು ಆದರೂ ಸೊಂಟಕ್ಕೆ ಕಟ್ಟಿಕೊಂಡು ಪೇಟೆಯಲ್ಲಿ ಓಡಾಡಬೇಡಿ. ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಕಲಂ ಅಡಿ, ಹಬ್ಬ, ಚುನಾವಣೆ ಹೊತ್ತಿನಲ್ಲಿ ಚಾಕು, ದೊಣ್ಣೆ ಒಯ್ಯುವುದನ್ನು ನಿಷೇಧಿಸಿ ಆದೇಶ ಹೊರಡಿಸುತ್ತಿರುತ್ತಾರೆ. ಟ್ರೆಕ್ಕಿಗೆ ಒಯ್ಯುವಾಗ ಒರೆಯಲ್ಲಿಟ್ಟು, ಬಟ್ಟೆ ಸುತ್ತಿ, ಬ್ಯಾಗಿನ ತಳದಲ್ಲಿ ಅಡುಗೆ ಸಾಮಾನಿನ ಜೊತೆ ಇಡಿ. ವಿಮಾನದಲ್ಲಿ ಊರಿಗೆ ಹೋಗುವುದಾದರೆ ಚೆಕ್-ಇನ್ ಬ್ಯಾಗಿನಲ್ಲೇ ಹಾಕಿ, ಕೈಚೀಲದಲ್ಲಿ ಸಿಕ್ಕರೆ ವಾಪಸ್ ಸಿಗುವ ಆಸೆ ಬಿಡಬೇಕು.